ಊರುವ ಕೋಲು, ಹಿಡಿಯುವ ಕೋಲು

ನಮ್ಮೂರು ಖಜೂರಿ. ಆಳಂದ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿರ ಇರೋ ಊರು. ಅಲ್ಲಿ ಬೆಟ್ಟ ಇಲ್ಲ. ಕಣ್ಣು ಹಾಯಿಸಿದಷ್ಟು ದೂರ ಕರಿಮಣ್ಣು, ತೊಗರಿ, ಜೋಳ, ನಡುನಡುವೆ ಬೇವು, ಜಾಲಿ. ಹೊಲದ ಬದುವೇ ನಮ್ಮ ಪಾಲಿನ ಗುಡ್ಡ ಅನ್ನುವಷ್ಟು ಸಪಾಟು ನೆಲ. ಅಂಥ ಊರಿಗೆ ನಾನು ಬೆಂಗಳೂರಿನಿಂದ ಒಂದು ಜೋಡಿ ಟ್ರೆಕ್ಕಿಂಗ್ ಪೋಲ್ ಹಿಡ್ಕೊಂಡು ಹೋದೆ. ಕಟ್ಟೆ ಮೇಲೆ ಕೂತಿದ್ದ ಕಾಕಾ ಒಮ್ಮೆ ನನ್ನ ಮುಖ, ಒಮ್ಮೆ ನನ್ನ ಕೈ ನೋಡಿ ಕೇಳಿದರು: “ಏನ್ ತಮ್ಮಾ, ಬೆಂಗಳೂರಾಗ ನಾಯಿ ಭಾಳ ಆಗ್ಯಾವೇನು? ಎರಡೆರಡು ಬಡಗಿ ಹಿಡದೀದಿ?”

ತಂದಿದ್ದು ಅವ್ವನಿಗೆ. ಯುಗಾದಿಗೆ ಶ್ರೀಶೈಲದ ಅಡವಿ ದಾರಿಯನ್ನು ನಡೆದೇ ಬರ್ತೀನಿ ಅಂತ ಆಕೆ ಹರಕೆ ಹೊತ್ತಿದ್ದಳು. ಎರಡು ವರ್ಷದಿಂದ ಮೊಣಕಾಲು ನೋವು. ಮೆಟ್ಟಿಲು ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಗೋಡೆ ಹಿಡಿದು ಇಳಿತಾಳೆ. ಮನೆಯಲ್ಲಿ ಪೋಲ್ ಬಿಚ್ಚಿಟ್ಟು ಪಾಠ ಶುರು ಮಾಡಿದೆ. ತೂಕ ಇಷ್ಟೇ ಗ್ರಾಂ ನೋಡು, ವಿಮಾನಕ್ಕೆ ಬಳಸೋ ಥರದ ಅಲ್ಯೂಮಿನಿಯಂ, ಹಿಡಿ ಬೆಂಡಿನದು, ಬೆವರು ಹೀರ್ಕೊಳ್ಳುತ್ತೆ, ಮಡಚಿದರೆ ಚೀಲದಲ್ಲಿ ಕೂತ್ಕೊಳ್ಳುತ್ತೆ. ಅವ್ವ ಎಲ್ಲ ಕೇಳಿಸಿಕೊಂಡಳು. ಆಮೇಲೆ ಒಂದೇ ಪ್ರಶ್ನೆ: “ಇದರ ಮ್ಯಾಲ ಮೈ ಭಾರ ಹಾಕಿದ್ರ ತಡೀತದೇನು?”

ಕೊಳ್ಳುವ ಮುಂಚೆ ನಾನು ಹತ್ತಾರು ರಿವ್ಯೂ ಓದಿದ್ದೆ, ನೋಡಿದ್ದೆ. ಒಂದರಲ್ಲೂ ಈ ಪ್ರಶ್ನೆ ಇರಲಿಲ್ಲ. ಆದರೆ ಬೇರೆ ಯಾರಿಗೂ ಹೊಳೆಯದಿದ್ದರೂ ನನಗಾದರೂ ಅದು ಹೊಳೆಯಬೇಕಿತ್ತು. ಯಾಕಂದರೆ ಒಂದು ಸಲ ತಡೆದಿರಲಿಲ್ಲ.

ಅದು ಕುಮಾರಪರ್ವತ. 1,712 ಮೀಟರ್ ಎತ್ತರದ ತುದಿಯಿಂದ ಸುಬ್ರಹ್ಮಣ್ಯದ ಕಡೆ ಇಳಿಯೋದು ಅಂದರೆ ಒಂದೂವರೆ ಸಾವಿರ ಮೀಟರಿನಷ್ಟು ಬರೀ ಇಳಿತ. ಗಿರಿಗದ್ದೆ ದಾಟಿ ಕಾಡಿನೊಳಗೆ ಬಂದ ಮೇಲೆ ಬೇರು, ಒದ್ದೆ ಎಲೆ, ಅಲುಗಾಡುವ ಕಲ್ಲು. ತೊಡೆ ಆಗಲೇ ನಡುಗ್ತಿತ್ತು. ದೊಡ್ಡ ಕಲ್ಲೊಂದರಿಂದ ಇಳಿಯಲು ಕೋಲನ್ನು ಕೆಳಗೆ ಊರಿ ಭಾರ ಬಿಟ್ಟೆ. ಒಳಗಿನ ಕೊಳವೆ ಸರ್ರನೆ ಮೇಲಿನ ಕೊಳವೆಯೊಳಗೆ ಹೋಯಿತು. ಕೋಲು ಒಂದು ಗೇಣು ಗಿಡ್ಡವಾಯಿತು, ನಾನು ಮುಖ ಅಡಿಯಾಗಿ ಬಿದ್ದೆ. ಅಂಗೈ ಕಿತ್ತು ಹೋಯಿತು, ಮೊಣಕಾಲು ಊದಿತು. ಕೆಳಗಿನವರೆಗೆ ಗೆಳೆಯನ ಹೆಗಲೇ ಕೋಲು. ಅವತ್ತು ಕೋಲಿಲ್ಲದೇ ಇದ್ದಿದ್ದರೆ ಬೀಳ್ತಾ ಇರಲಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಕೋಲು ಇಲ್ಲದವನು ಕೂತು, ಕೈ ಊರಿ, ಹುಷಾರಾಗಿ ಇಳಿತಾನೆ. ಕೋಲು ಇದೆ ಅಂತ ನಂಬಿದವನು ಭಾರ ಬಿಡ್ತಾನೆ.

ಟ್ರೆಕ್ಕಿಂಗ್ ಪೋಲ್ ಬಗ್ಗೆ ನಮ್ಮಲ್ಲಿ ನಡೆಯುವ ಮಾತಿನ ಮೇಲೆ ನನ್ನ ತಕರಾರು ಇದೇ. ನಾವು ಅದನ್ನು ಹಿಡಿಯುವ ವಸ್ತುವಾಗಿ ಅಳೀತೀವಿ, ಊರುವ ವಸ್ತುವಾಗಿ ಅಲ್ಲ. ಕನ್ನಡದ ಹಳೇ ಹೆಸರೇ ಕೆಲಸ ಹೇಳುತ್ತೆ ನೋಡಿ: ಊರುಗೋಲು. ಊರಿ ನಿಲ್ಲಲು ಇರುವ ಕೋಲು. ರಿವ್ಯೂ ಮಾಡುವವರು ಅದನ್ನು ತಕ್ಕಡಿಯಲ್ಲಿ ಇಟ್ಟು ತೂಗ್ತಾರೆ, ಮಡಚಿ ತೋರಿಸ್ತಾರೆ, ಬಣ್ಣ ಹೊಗಳ್ತಾರೆ. ಹತ್ತುವಾಗಿನ ಫೋಟೊ ಹಾಕ್ತಾರೆ. ಹತ್ತುವಾಗ ಯಾವ ಕೋಲಾದರೂ ಒಳ್ಳೆಯದೇ. ಇಳಿಯುವಾಗ, ಅದೂ ಸುಸ್ತಾದ ಮೇಲೆ ಇಳಿಯುವಾಗ, ಕೋಲಿನ ಯೋಗ್ಯತೆ ಗೊತ್ತಾಗೋದು.

ಅದಕ್ಕೆ ಇಳಿಜಾರಿನಿಂದಲೇ ಲೆಕ್ಕ ಶುರು ಮಾಡೋಣ. ಇಳಿಯುವಾಗ ಪ್ರತಿ ಹೆಜ್ಜೆಗೂ ದೇಹದ ಭಾರ ಮುಂದಿನ ಕಾಲಿನ ಮೇಲೆ ಧೊಪ್ಪಂತ ಬೀಳುತ್ತೆ, ತೊಡೆಯ ಸ್ನಾಯು ಎಳೆದುಕೊಂಡೇ ಬ್ರೇಕ್ ಹಾಕಬೇಕು. ಆಸ್ಟ್ರಿಯಾದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 25 ಡಿಗ್ರಿ ಇಳಿಜಾರಿನಲ್ಲಿ ಕೋಲು ಇಟ್ಟುಕೊಂಡು, ಇಲ್ಲದೆ, ಎರಡೂ ರೀತಿ ನಡೆಸಿ ಅಳೆದರು. ಎರಡು ಕೋಲು ಬಳಸಿದಾಗ ಮೊಣಕಾಲಿನ ಮೇಲೆ ಬೀಳುವ ಬಲಗಳು ಶೇ 12ರಿಂದ 25ರಷ್ಟು ಕಡಿಮೆ ಇದ್ದವು. ನಡೆದವರು ಎಂಟೇ ಜನ, ಅದೂ ಪ್ರಯೋಗಾಲಯದ ಇಳಿಜಾರು, ಹಾಗಾಗಿ ಇದನ್ನೇ ವೇದವಾಕ್ಯ ಮಾಡೋದು ಬೇಡ. ಆದರೂ ದಿನಕ್ಕೆ ಸಾವಿರಾರು ಹೆಜ್ಜೆ ಇಳಿಯುವ ಮೊಣಕಾಲಿಗೆ ಅದು ಸಣ್ಣ ಉಳಿತಾಯ ಅಲ್ಲ.

ಇನ್ನೊಂದು ತಪ್ಪು ಕಲ್ಪನೆ ಇಲ್ಲೇ ಬಿಡಿಸಿಬಿಡ್ತೀನಿ. ಕೋಲು ಇದ್ದರೆ ಸುಸ್ತೇ ಆಗಲ್ಲ ಅಂತ ಹೇಳೋರಿದ್ದಾರೆ. ಆಗುತ್ತೆ. ಕಾಲು ಮಾಡೋ ಕೆಲಸದಲ್ಲಿ ಒಂದು ಪಾಲು ತೋಳು, ಹೆಗಲಿಗೆ ಹೋಗುತ್ತೆ ಅಷ್ಟೇ. ಒಟ್ಟು ಕೆಲಸ ಕಡಿಮೆಯಾಗಲ್ಲ, ಹಂಚಿಕೆ ಆಗುತ್ತೆ. ಮೊದಲ ದಿನ ತೋಳು ನೋಯ್ತಿದೆ ಅಂದರೆ ಹಂಚಿಕೆ ಸರಿಯಾಗಿ ಆಗ್ತಿದೆ ಅಂತ ತಿಳ್ಕೊಳ್ಳಿ.

ಈಗ ಅಂಗಡಿಗೆ ಹೋಗೋಣ. ಮೊದಲು ನೋಡಬೇಕಾದ್ದು ಲಾಕ್. ಎರಡು ಮೂರು ಕೊಳವೆ ಒಂದರೊಳಗೊಂದು ಸೇರುವ ಕೋಲುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ. ತಿರುಗಿಸಿ ಬಿಗಿ ಮಾಡುವ ಟ್ವಿಸ್ಟ್ ಲಾಕ್ ಒಂದು, ಹೊರಗಿನಿಂದ ಕ್ಲಿಪ್ಪಿನ ಹಾಗೆ ಒತ್ತಿ ಮುಚ್ಚುವ ಲಿವರ್ ಲಾಕ್ ಇನ್ನೊಂದು. ಟ್ವಿಸ್ಟ್ ಲಾಕಿನೊಳಗೆ ಒಂದು ಪ್ಲಾಸ್ಟಿಕ್ ತುಂಡು ಹಿಗ್ಗಿ ಕೊಳವೆಯ ಒಳಮೈಯನ್ನು ಒತ್ತಿ ಹಿಡಿಯುತ್ತೆ. ಧೂಳು, ನೀರು, ಮಣ್ಣು ಹೊಕ್ಕರೆ ಆ ಹಿಡಿತ ಜಾರುತ್ತೆ. ಬಿಗಿಯಾಗಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗಲ್ಲ. ಕುಮಾರಪರ್ವತದಲ್ಲಿ ನನ್ನನ್ನು ಮಲಗಿಸಿದ್ದು ಇದೇ. ಎರಡು ಮಳೆಗಾಲ ಕಂಡ ಕೋಲನ್ನು ನಾನು ಒಮ್ಮೆಯೂ ಬಿಚ್ಚಿ ಒರೆಸಿರಲಿಲ್ಲ, ಅದು ನನ್ನ ತಪ್ಪು. ಲಿವರ್ ಲಾಕ್ ಆದರೆ ಮುಚ್ಚಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತೆ. ಸಡಿಲಾದರೆ ಪಕ್ಕದ ಸ್ಕ್ರೂ ಒಂಚೂರು ಬಿಗಿ ಮಾಡಿದರಾಯಿತು. ನಮ್ಮ ಮಳೆಗೆ, ನಮ್ಮ ಸೋಮಾರಿತನಕ್ಕೆ ಲಿವರ್ ಲಾಕೇ ಸರಿ.

ಎರಡನೆಯದು ಕೊಳವೆ. ಕಾರ್ಬನ್ ಹಗುರ, ನಿಜ. ಆದರೆ ಎರಡು ಕಲ್ಲಿನ ಸಂದಿಯಲ್ಲಿ ತುದಿ ಸಿಕ್ಕಿ ಪಕ್ಕದಿಂದ ಭಾರ ಬಿದ್ದರೆ ಕಾರ್ಬನ್ ಪಟ್ಟಂತ ಮುರಿಯುತ್ತೆ. ಅಲ್ಯೂಮಿನಿಯಂ ಬಾಗುತ್ತೆ. ಬಾಗಿದ ಕೋಲಿನಲ್ಲಿ ಊರು ಸೇರಬಹುದು, ಮುರಿದದ್ದರಲ್ಲಿ ಆಗಲ್ಲ. ಕಲ್ಲು, ಬೇರು ತುಂಬಿದ ಪಶ್ಚಿಮ ಘಟ್ಟದ ದಾರಿಗೆ ನೂರಿನ್ನೂರು ಗ್ರಾಂ ಉಳಿಸಲು ದುಡ್ಡು ಸುರಿಯೋದು ಮೂರ್ಖತನ. ಆ ದುಡ್ಡಲ್ಲಿ ಒಳ್ಳೆ ಬೂಟು ತಗೊಳ್ಳಿ. ಒಳಗೆ ಸ್ಪ್ರಿಂಗ್ ಇಟ್ಟು ‘ಆಂಟಿ ಶಾಕ್’ ಅಂತ ಮಾರುವುದೂ ಅಷ್ಟೇ. ಊರಿದಾಗ ಕೋಲು ಕುಪ್ಪಳಿಸಿದರೆ ಅವ್ವನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಯಿತು.

ಮೂರನೆಯದು ಎತ್ತರ. ಸಪಾಟು ನೆಲದಲ್ಲಿ ಕೋಲು ಊರಿ ನಿಂತಾಗ ಮೊಣಕೈ 90 ಡಿಗ್ರಿಗೆ ಮಡಚಬೇಕು. ಲೆಕ್ಕ ಬೇಕಾದರೆ ನಿಮ್ಮ ಎತ್ತರವನ್ನು ಸೆಂಟಿಮೀಟರಿನಲ್ಲಿ ತಗೊಂಡು 0.68ರಿಂದ ಗುಣಿಸಿ. ನನ್ನ ಎತ್ತರ 173, ಬರೋದು ಹತ್ತಿರ ಹತ್ತಿರ 118. ಅವ್ವನದು 152, ಬರೋದು 103. ಹತ್ತುವಾಗ ಅದಕ್ಕಿಂತ ಐದರಿಂದ ಹತ್ತು ಸೆಂಟಿಮೀಟರ್ ಗಿಡ್ಡ, ಇಳಿಯುವಾಗ ಅಷ್ಟೇ ಉದ್ದ. ಕೊಳವೆ ಮೇಲೆ ‘ಸ್ಟಾಪ್’ ಅಥವಾ ‘ಮ್ಯಾಕ್ಸ್’ ಗೆರೆ ಇರುತ್ತೆ, ಅದನ್ನು ದಾಟಿ ಎಳೆಯಬಾರದು. ಎತ್ತರ ಬದಲಿಸಲಾಗದ ಮಡಚುವ ಕೋಲು ತಗೊಂಡು, ಆಮೇಲೆ ಇಳಿಯುವಾಗ ಗೂನು ಬೆನ್ನು ಮಾಡಿಕೊಂಡು ನಡೆಯುವ ಗೆಳೆಯರು ನನಗಿದ್ದಾರೆ.

ನಾಲ್ಕನೆಯದು ತುದಿ. ಗಟ್ಟಿ ಲೋಹದ ಮೊನೆ ಮಣ್ಣಿಗೆ, ಹುಲ್ಲಿಗೆ ಒಳ್ಳೆಯದು. ಬರಿ ಬಂಡೆ, ಡಾಂಬರು, ಮೆಟ್ಟಿಲು ಬಂದರೆ ರಬ್ಬರ್ ಟೋಪಿ ಹಾಕಿ. ಬಂಡೆ ಮೇಲೆ ಬಿಳಿ ಗೀರು ಬೀಳಲ್ಲ, ಕಟಕಟ ಸದ್ದೂ ಇರಲ್ಲ. ಆ ಟೋಪಿ ಕೆಸರಿನಲ್ಲಿ ಕಳಚಿ ಉಳಿದರೆ ಮಾತ್ರ ಅದೂ ಕಸವೇ, ಹಾಗಾಗಿ ಆಗಾಗ ನೋಡ್ಕೊಳ್ಳಿ. ಇಕ್ಕಟ್ಟಿನಲ್ಲಿ ಮೊನೆ ಹಿಂದೆ ಮಾಡಿ ಬಗಲಲ್ಲಿ ಕೋಲು ಸಿಕ್ಕಿಸಿಕೊಳ್ಳುವುದನ್ನು ದಯವಿಟ್ಟು ಬಿಡಿ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂಥ ಸಾಲು ನಿಂತ ವಿಡಿಯೊ ನೋಡಿರುತ್ತೀರಿ. ಅಂಥ ಸಾಲಿನಲ್ಲಿ ನಿಮ್ಮ ಮೊನೆ ಇರೋದು ಹಿಂದಿನವರ ಹೊಟ್ಟೆಯ ಮಟ್ಟದಲ್ಲಿ.

ಕೊಂಡದ್ದಾಯಿತು. ಬಳಸೋದನ್ನು ಯಾರು ಕಲಿಸ್ತಾರೆ? ಯಾರೂ ಇಲ್ಲ. ವಾರಾಂತ್ಯದ ಟ್ರೆಕ್ ಗುಂಪುಗಳಲ್ಲಿ ಬೆಳಗಿನ ಜಾವ ಬಸ್ಸಿನಿಂದ ಇಳಿಸಿ ಬಾಡಿಗೆ ಕೋಲು ಒಂದೊಂದು ಕೈಗೆ ಕೊಡ್ತಾರೆ, ಎಲ್ಲರಿಗೂ ಒಂದೇ ಎತ್ತರ. ಒಂದು ಕೋಲಿನಲ್ಲಿ ಆನಿಸಿಕೊಳ್ಳಬಹುದು ನಿಜ, ಆದರೆ ಭಾರ ಒಂದೇ ಪಕ್ಕಕ್ಕೆ ವಾಲುತ್ತೆ. ಕೈಪಟ್ಟಿಯೊಳಗೆ ಕೈ ಕೆಳಗಿನಿಂದ ಮೇಲಕ್ಕೆ ತೂರಿಸಿ, ಪಟ್ಟಿ ಸಮೇತ ಹಿಡಿ ಹಿಡೀಬೇಕು. ಆಗ ಮಣಿಕಟ್ಟೇ ಭಾರ ಹೊರುತ್ತೆ, ಬೆರಳು ಬಿಗಿ ಹಿಡಿಯೋದು ಬೇಕಾಗಲ್ಲ. ಹತ್ತುವಾಗ ಕೋಲನ್ನು ಪಾದದ ಪಕ್ಕ ಊರಿ ಹಿಂದಕ್ಕೆ ಒತ್ತಿ. ದೂರ ಮುಂದೆ ಊರಿ ಮೈಯನ್ನು ಎಳೆದುಕೊಳ್ಳೋಕೆ ಹೋಗಬೇಡಿ. ಇಳಿಯುವಾಗ ಎತ್ತರದ ಕಲ್ಲು ಬಂದರೆ ಮೊದಲು ಎರಡೂ ಕೋಲು ಕೆಳಗೆ, ಒಂದು ಸಲ ಒತ್ತಿ ಪರೀಕ್ಷೆ, ಆಮೇಲೆ ಕಾಲು. ಕಲ್ಲಿನ ಸಂದಿ ಜಾಸ್ತಿ ಇರುವ ಕಡೆ ಕೈಪಟ್ಟಿಯಿಂದ ಕೈ ಹೊರಗೆ ತೆಗೀರಿ. ತುದಿ ಸಿಕ್ಕಿಕೊಂಡು ನೀವು ಬಿದ್ದರೆ ಪಟ್ಟಿ ಹೆಬ್ಬೆರಳಿನ ಕೀಲನ್ನು ತಿರುಚಿಬಿಡುತ್ತೆ. ಕೈ ಹಿಡಿದು ಹತ್ತುವ ಬಂಡೆ ಬಂದರೆ ಕೋಲು ಚೀಲಕ್ಕೆ.

ಕೋಲೇ ಬೇಡ ಅನ್ನುವವರ ವಾದವನ್ನೂ ಕೇಳಬೇಕು. ಅದರಲ್ಲಿ ಹುರುಳಿದೆ. ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ ವೈದ್ಯಕೀಯ ಸಮಿತಿ ಕೋಲಿನ ಲಾಭ ಹೇಳುತ್ತಲೇ ಒಂದು ಎಚ್ಚರಿಕೆ ಕೊಟ್ಟಿದೆ: ಯಾವಾಗಲೂ ಕೋಲು ಹಿಡಿದೇ ನಡೆದರೆ ನಮ್ಮದೇ ಸಮತೋಲನ ಕುಗ್ಗುತ್ತೆ. ಆರೋಗ್ಯವಂತ ಇಪ್ಪತ್ತೈದರ ಹುಡುಗ ನಂದಿಬೆಟ್ಟದ ಮೆಟ್ಟಿಲಿಗೂ ಎರಡು ಕೋಲು ಒಯ್ದರೆ ಅದು ಶೋಕಿ. ಭಾರದ ಚೀಲ, ಉದ್ದ ಇಳಿತ, ಕೆಸರು, ಹಳ್ಳ ದಾಟುವುದು, ನೋವಿರುವ ಮೊಣಕಾಲು, ಇವಕ್ಕೆ ಕೋಲು. ಉಳಿದಂತೆ ಬಿಡಿ, ಕಾಲಿಗೂ ಕೆಲಸ ಇರಲಿ.

ಅವ್ವನದು ಬೇರೆಯೇ ವಾದ. “ಬಡಗಿ ಹಿಡದ್ರ ಮುದುಕಿ ಅಂತಾರ. ನಾ ಇನ್ನೂ ಮುದುಕಿ ಆಗಿಲ್ಲ.” ಇದಕ್ಕೆ ನನ್ನ ಹತ್ತಿರ ಯಾವ ಅಧ್ಯಯನವೂ ಇರಲಿಲ್ಲ. ವಿಚಿತ್ರ ಅಂದರೆ ನಮ್ಮ ಕಡೆ ಕೋಲಿಗೆ ಬರ ಇಲ್ಲ. ಕುರಿ ಹಿಂಡಿನ ಹಿಂದೆ ಹೋಗುವವರ ಹೆಗಲ ಮೇಲೆ ಕೋಲು, ಗಾಣಗಾಪುರಕ್ಕೆ ಬರುವ ಸನ್ಯಾಸಿಗಳ ಕೈಯಲ್ಲಿ ದಂಡ, ಶೀಗಿ ಹುಣ್ಣಿಮೆಗೆ ತುಳಜಾಪುರಕ್ಕೆ ನಡೆಯುವ ಗಂಡಸರ ಕೈಯಲ್ಲೂ ಕೋಲು. ಶ್ರೀಶೈಲಕ್ಕಂತೂ ಮರಗಾಲು ಕಟ್ಟಿಕೊಂಡು ನಡೆಯುವ ಭಕ್ತರಿದ್ದಾರೆ. ಗಂಡಸು ಕೋಲು ಹಿಡಿದರೆ ಗತ್ತು, ಹೆಂಗಸು ಹಿಡಿದರೆ ಮುಪ್ಪು. ಕೊನೆಗೆ ದಾರಿ ತೋರಿಸಿದ್ದು ಕಾಕಾ. “ವೈನಿ, ಎರಡು ಹಿಡದ್ರ ಮುದುಕಿ ಅನ್ನಂಗಿಲ್ಲ, ಬೆಂಗಳೂರಾಕಿ ಅಂತಾರ.” ಅವ್ವ ನಕ್ಕಳು. ಒಂದು ವಾರ ದಿನಾ ಸಂಜೆ, ಯಾರೂ ನೋಡದ ಹೊತ್ತಿನಲ್ಲಿ, ಹೊಲದ ದಾರಿಯಲ್ಲಿ ಇಬ್ಬರೂ ಅಭ್ಯಾಸ ಮಾಡಿದೆವು.

ಆತ್ಮಕೂರಿನ ಕಡೆಯಿಂದ ನಲ್ಲಮಲ ಕಾಡು ಹೊಕ್ಕೆವು. ಅದು ಹುಲಿ ಅಭಯಾರಣ್ಯ. ಶಿವರಾತ್ರಿ, ಯುಗಾದಿ ಹೊತ್ತಿಗೆ ಮಾತ್ರ ದಾರಿ ತುಂಬ ಕನ್ನಡ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿಯ ಜನ, ಅಲ್ಲಲ್ಲಿ ನಮ್ಮವರದೇ ದಾಸೋಹದ ಪೆಂಡಾಲು. ನಾಗಲೂಟಿ ದಾಟಿ ಹಳೇ ಕಲ್ಲಿನ ಮೆಟ್ಟಿಲು ಹತ್ತುವಾಗ ಕಾಕಾ ನಮಗಿಂತ ಮುಂದೆ. ಬರಿಗಾಲು, ಕೈಯಲ್ಲಿ ಹೆಗಲೆತ್ತರದ ಬಿದಿರಿನ ಕೋಲು, ಅದರ ತುದಿಗೆ ಕಬ್ಬಿಣದ ಬಳೆ. ಅವರ ಹಿಂದೆ ನಡೀತಾ ನಡೀತಾ ಆ ಕೋಲನ್ನು ಗಮನಿಸಿದೆ. ಹತ್ತುವಾಗ ಅವರ ಕೈ ಕೋಲಿನ ನಡುವಿಗೆ ಇಳಿಯುತ್ತಿತ್ತು, ಇಳಿಯುವಾಗ ತುದಿಗೆ ಏರುತ್ತಿತ್ತು. ನಾನು ನಿಂತು ಲಿವರ್ ಬಿಚ್ಚಿ, ಗೆರೆ ನೋಡಿ, ಮತ್ತೆ ಮುಚ್ಚಿ ಮಾಡುವ ಕೆಲಸವನ್ನು ಅವರು ಕೈ ಸರಿಸಿ ಮಾಡ್ತಿದ್ದರು. ಕೀಲೇ ಇಲ್ಲದ ಕೋಲು, ಕುಸಿಯುವ ಪ್ರಶ್ನೆಯೇ ಇಲ್ಲ. ಅವ್ವನ ಪರೀಕ್ಷೆಯಲ್ಲಿ ಅದು ನೂರಕ್ಕೆ ನೂರು.

ಹಾಗಂತ ಹಳೆಯದೇ ಮೇಲು ಅಂತ ಬರೆದು ಮುಗಿಸಿದರೆ ಅದು ಸುಳ್ಳಾಗುತ್ತೆ. ಬಿದಿರು ಭಾರ, ಅಂಥದ್ದು ಎರಡು ಹಿಡಿದು ದಿನವಿಡೀ ನಡೆಯೋಕಾಗಲ್ಲ. ಕೈಪಟ್ಟಿ ಇಲ್ಲ, ಹಾಗಾಗಿ ಎಲ್ಲವೂ ಬೆರಳಿನ ಬಲದ ಮೇಲೆ. ಸಂಜೆ ಹೊತ್ತಿಗೆ ಕಾಕಾ ಬಲಗೈ ಬೆರಳು ನೀವಿಕೊಳ್ಳುತ್ತಿದ್ದರು. ಮೇಲಾಗಿ ಅವರು ಹುಟ್ಟಿದಾಗಿನಿಂದ ನಡೆದವರು. ಅವರ ಕಾಲೇ ಅರ್ಧ ಕೋಲು. ಅವ್ವನ ಮೊಣಕಾಲಿಗೆ, ನನ್ನ ಕುರ್ಚಿ ಕಾಲಿಗೆ ಆ ಲೆಕ್ಕ ಒಪ್ಪಲ್ಲ.

ಎರಡನೇ ದಿನ ಭೀಮನಕೊಳ್ಳ. ಕಮರಿಯೊಳಗೆ ಇಳಿದು, ಮತ್ತೆ ಆಚೆ ಕಡೆ ಮೆಟ್ಟಿಲು ಹತ್ತಿ ಕೈಲಾಸ ದ್ವಾರ ಸೇರಬೇಕು. ಬಿಸಿಲಿಗೆ ಕಲ್ಲು ಕಾದಿತ್ತು. ಇಳಿಯುವ ಮೊದಲ ಕಲ್ಲಿನ ಮೇಲೆ ಅವ್ವ ನಿಂತಳು. ಅಲ್ಲಿ ಹಿಡಿಯಲು ಗೋಡೆ ಇರಲಿಲ್ಲ. ನಾನು ಎರಡೂ ಕೋಲನ್ನು ಏಳು ಸೆಂಟಿಮೀಟರ್ ಉದ್ದ ಮಾಡಿದೆ, ಲಿವರ್ ಒತ್ತಿ ನೋಡಿದೆ, ನನ್ನದೇ ಭಾರ ಹಾಕಿ ಪರೀಕ್ಷೆ ಮಾಡಿ ಅವಳ ಕೈಗೆ ಕೊಟ್ಟೆ. ನನ್ನ ಎದೆ ಡವಗುಡುತ್ತಿತ್ತು. ಕುಮಾರಪರ್ವತದಲ್ಲಿ ಬಿದ್ದಾಗ ನನಗೆ ಇಪ್ಪತ್ತೊಂಬತ್ತು. ಅವ್ವನ ವಯಸ್ಸಿನಲ್ಲಿ, ಅಂಥ ಕಡೆ ಬಿದ್ದರೆ, ಆಸ್ಪತ್ರೆಗೆ ಒಯ್ಯಲು ಹೆಗಲೊಂದೇ ಗಾಡಿ.

ಅವ್ವ ಎರಡೂ ಕೋಲು ಕೆಳಗೆ ಊರಿದಳು. ಒತ್ತಿ ನೋಡಿದಳು. ಕಾಲು ಇಳಿಸಿದಳು. ಮತ್ತೆ ಊರಿದಳು. ಜನ ನಮ್ಮನ್ನು ದಾಟಿ ಹೋಗ್ತಾನೇ ಇದ್ದರು, ಆಕೆ ಯಾರ ಕಡೆಗೂ ನೋಡಲಿಲ್ಲ. ಕೆಳಗೆ ತಲುಪುವ ಹೊತ್ತಿಗೆ ನಾನು ಬೆವರಿ ಒದ್ದೆಯಾಗಿದ್ದೆ, ಆಕೆ ಅಲ್ಲ. ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು: “ಮೊಣಕಾಲ ಇವತ್ತ ಮಾತಾಡಿಲ್ಲ ನೋಡು.” ಅಷ್ಟರಲ್ಲಿ ಹಿಂದೆ ಬಂದ ಹೆಂಗಸೊಬ್ಬರು ಕೋಲು ಮುಟ್ಟಿ ನೋಡಿ, ಎಲ್ಲಿ ಸಿಗತಾವ ಇವು ಅಂತ ಕೇಳಿದರು. ಅವ್ವ ಬೆಲೆ ಹೇಳಲಿಲ್ಲ, ಗ್ರಾಂ ಹೇಳಲಿಲ್ಲ. “ತಡೀತಾವ,” ಅಂದಳು.

ಕೊರತೆಗಳನ್ನೂ ಬರೆದುಬಿಡಬೇಕು. ಎರಡನೇ ದಿನ ಸಂಜೆಗೆ ಒಂದು ರಬ್ಬರ್ ಟೋಪಿ ಸವೆದು ತೂತಾಗಿತ್ತು, ನಾನು ಜಾಸ್ತಿ ಒಯ್ದಿರಲಿಲ್ಲ. ಒಂದು ಲಿವರ್ ಸಡಿಲಾಗಿ ನಾಣ್ಯದಿಂದ ಸ್ಕ್ರೂ ಬಿಗಿ ಮಾಡಬೇಕಾಯಿತು. ಕೈಪಟ್ಟಿಯ ಅಂಚು ಅವ್ವನ ಬಳೆಗಳಿಗೆ ತಾಗಿ ಮಣಿಕಟ್ಟು ಕೆಂಪಾಗಿತ್ತು. ಬಳೆ ತೊಟ್ಟ ಕೈ ಆ ಪಟ್ಟಿಯನ್ನು ಮಾಡಿದವರ ಲೆಕ್ಕದಲ್ಲೇ ಇರಲಿಲ್ಲ. ಕೊನೆಗೆ ಹಳೇ ಬಟ್ಟೆಯ ಚೂರು ಸುತ್ತಿ ಸರಿ ಮಾಡಿದೆವು.

ಈಗ ಆ ಜೋಡಿ ಖಜೂರಿಯಲ್ಲೇ ಇದೆ. ಒಂದರಿಂದ ಅವ್ವ ಹುಣಸೆಕಾಯಿ ಬಡೀತಾಳೆ ಅಂತ ಸುದ್ದಿ. ಮುಂದಿನ ಯುಗಾದಿಗೆ ಮುಂಚೆ ಲಾಕ್ ಬಿಚ್ಚಿ ಒರೆಸಿ ಇಡು ಅಂತ ಫೋನಿನಲ್ಲಿ ಹೇಳಿದ್ದೀನಿ. ಮೊನ್ನೆ ಗೆಳತಿಯೊಬ್ಬಳಿಗೆ ಕೋಲು ಕೊಡಿಸಲು ಬೆಂಗಳೂರಿನ ಅಂಗಡಿಗೆ ಹೋಗಿದ್ದೆ. ಹುಡುಗ ತೂಕದಿಂದ ಶುರು ಮಾಡಿದ. ನಾನು ಕೋಲು ಎಳೆದು, ಲಾಕ್ ಮುಚ್ಚಿ, ನೆಲಕ್ಕೆ ಊರಿ, ಎರಡೂ ಅಂಗೈ ಮೇಲಿಟ್ಟು ಪೂರ್ತಿ ಭಾರ ಬಿಟ್ಟೆ. ಆತ ಗಾಬರಿಯಾಗಿ, “ಸಾರ್, ಹಾಗೆಲ್ಲ ಮಾಡಬಾರದು, ಹಾಳಾಗುತ್ತೆ,” ಅಂದ.

ಆ ಕೋಲು ಅಲ್ಲೇ ಇಟ್ಟು, ಪಕ್ಕದ್ದು ಎತ್ತಿಕೊಂಡೆ.